ಟೇಪಿನ ಆಚೆ ತುದಿ

ಇಂಥ ಪ್ರಸಂಗಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ನಂಬುವುದಿರಲಿ, ಪೂರ್ತಿ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಹೇಳುವವರ ಮುಖ ನೋಡುತ್ತಾ, ಇವರಿಗೆ ಆ ದಿನ ಜ್ವರವಿತ್ತೋ, ನಿದ್ದೆಗೆಟ್ಟಿದ್ದರೋ, ಅಥವಾ ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿದೆಯೋ ಎಂದು ಯೋಚಿಸುತ್ತಿದ್ದೆ. ನನ್ನದನ್ನು ಓದುವಾಗ ನೀವೂ ಹಾಗೆಯೇ ಮಾಡುತ್ತೀರಿ. ಮಾಡಿ. ನಾನೂ ಅದನ್ನೇ ಮಾಡುತ್ತಾ ಬಂದಿದ್ದೇನೆ. ಆ ದಿನ ನನಗೆ ಜ್ವರವಿರಲಿಲ್ಲ. ನಿದ್ದೆ ಬೇಕಾದಷ್ಟು ಆಗಿತ್ತು. ಆ ಚಳಿಗಾಲದಲ್ಲಿ ನನಗೆ ಸರಿಯಾಗಿ ಬರುತ್ತಿದ್ದ ಕೆಲಸವೆಂದರೆ ನಿದ್ದೆಯೊಂದೇ. ಹೇಳಿ ಹೇಳಿ ನಿಜವಾಯಿತು ಎನ್ನುವುದಕ್ಕೆ, ಇದನ್ನು ಇಬ್ಬರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ನಾನು ದಿನಚರಿ ಬರೆಯುವವಳು. ಆದರೂ ಈ ವಿಷಯದಲ್ಲಿ ದಿನಚರಿಯಿಂದ ಏನೂ ಉಪಯೋಗವಿಲ್ಲ. ಆ ದಿನದ ಪುಟದಲ್ಲಿ, "ಹಿಮ. ಅಟ್ಟ ಮುಗಿಯಿತು. ಕೈ ಬಿರಿದಿದೆ, ವ್ಯಾಸಲೀನ್ ತರಬೇಕು" ಎಂದಷ್ಟೇ ಇದೆ. ಅಷ್ಟು ದೊಡ್ಡದನ್ನು ಬಿಟ್ಟು ವ್ಯಾಸಲೀನ್ ಏಕೆ ಬರೆದೆನೋ ತಿಳಿಯದು. ಹಾಗಾಗಿ ಮುಂದೆ ಹೇಳುವುದೆಲ್ಲ ನೆನಪಿನಿಂದ. ನೆನಪು ರಾತ್ರೋರಾತ್ರಿ ಗೋಡೆ ಸರಿಸುವ ಮೇಸ್ತ್ರಿ ಎಂಬುದು ನನಗೆ ಗೊತ್ತು. ಸಂಶಯವಿರುವ ಕಡೆ ಸಂಶಯವಿದೆ ಎಂದೇ ಹೇಳುತ್ತೇನೆ.

ಅದು ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ ವರ್ಷ. ನಾನು ನ್ಯೂಜೆರ್ಸಿಯ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿದ್ದೆ. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವುದು ನನ್ನ ಕೆಲಸ. ಕಟ್ಟುವವರೇ ಇಲ್ಲದ ಮೇಲೆ ನಕ್ಷೆ ಯಾರಿಗೆ ಬೇಕು? ಅಕ್ಟೋಬರಿನಲ್ಲಿ ನನ್ನನ್ನು ಬಿಡಿಸಿದರು. ಕೆಲಸದ ಜೊತೆ ನನ್ನ ವೀಸಾವೂ ಹೋಯಿತು. ಗಂಡ ರವಿಗೆ ಕ್ರ್ಯಾನ್‌ಬರಿಯ ಒಂದು ಔಷಧಿ ಕಂಪನಿಯಲ್ಲಿ ಕೆಲಸವಿತ್ತು. ಅವನ ಮೇಲೆ ಡಿಪೆಂಡೆಂಟ್ ಆಗಲು ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತಿದ್ದೆವು.

ಹಾಗೆ ಕಾಯುತ್ತಿರುವಾಗಲೇ ಶ್ರೀರಂಗಪಟ್ಟಣದಲ್ಲಿ ಅಪ್ಪ ತೀರಿಕೊಂಡರು. ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟರೆ ಅದು ಬಿದ್ದುಹೋಗುತ್ತದೆ, ಮತ್ತೆ ಒಳಗೆ ಬರುವುದು ಯಾವಾಗಲೋ ಹೇಳಲಾಗದು ಎಂದು ವಕೀಲರು ಹೇಳಿದರು. ಅಣ್ಣ ಫೋನಿನಲ್ಲಿ ಅಳುತ್ತಲೇ ಗದರಿದ: "ನೀನು ಬರ್ಬೇಡ ಕಣೇ. ಇಲ್ಲಿ ನಾವೆಲ್ಲ ಇದೀವಿ. ಬಂದು ವಾಪಸ್ ಹೋಗಕ್ಕಾಗ್ದೆ ಕೂತ್ರೆ ರವಿ ಒಬ್ನೇ ಏನ್ಮಾಡ್ಬೇಕು? ಅಪ್ಪ ಇದ್ದಿದ್ರೂ ಇದನ್ನೇ ಹೇಳೋರು."

ನಾನು "ಹೂಂ" ಎಂದೆ. ಫೋನ್ ಇಟ್ಟು ಟೀ ಪಾತ್ರೆ ತೊಳೆದೆ. ಅಳು ಬರಲಿಲ್ಲ. ಧೈರ್ಯದಿಂದಲ್ಲ, ಏನೂ ಬರಲಿಲ್ಲ, ಅಷ್ಟೇ. ಮೈಯಡಿ ಸಿಕ್ಕು ಜೋಮು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಇಡುತ್ತೇವಲ್ಲ, ಆ ದಿನಗಳಲ್ಲಿ ನನ್ನನ್ನು ನಾನು ಹಾಗೆ ಎತ್ತಿ ಇಡುತ್ತಿದ್ದೆ. ಅಂಗಡಿಗೆ, ಲಾಂಡ್ರಿಗೆ, ಲೈಬ್ರರಿಗೆ.

ಲೈಬ್ರರಿಯ ನೋಟಿಸ್ ಬೋರ್ಡಿನಲ್ಲೇ ಕ್ಯಾರೆನ್ ಎಂಬವಳು ಹಚ್ಚಿದ್ದ ಚೀಟಿ ಕಂಡಿದ್ದು. ಹಳೆಯ ಮನೆಯೊಂದನ್ನು ಅಳೆದು ನಕ್ಷೆ ಮಾಡಲು ಯಾರಾದರೂ ಬೇಕು, ಕೊಡಲು ಕಾಫಿ ಮಾತ್ರ ಇದೆ ಎಂದು ಬರೆದಿತ್ತು. ಸಂಬಳ ತೆಗೆದುಕೊಳ್ಳುವ ಹಕ್ಕು ನನಗೂ ಇರಲಿಲ್ಲ.

ಕ್ರ್ಯಾನ್‌ಬರಿ ದಾಟಿ ಸ್ವಲ್ಪ ದೂರದಲ್ಲಿ ಆ ಮನೆ. ಊರಿನ ಹೆಸರು ಬೇಡ. ಸುತ್ತಲಿನವರು ಅದನ್ನು ಡೇನಿಶ್ ಮನೆ ಎನ್ನುತ್ತಿದ್ದರು. ಕಟ್ಟಿಸಿದವನು ಕ್ಯಾರೆನ್‌ಳ ಅಜ್ಜ. ಡೆನ್ಮಾರ್ಕಿನಲ್ಲಿ ಅವನ ತಂದೆ ಒಬ್ಬ ಜಮೀನುದಾರನ ಬಂಗಲೆಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಬಂಗಲೆಯ ಸುತ್ತ ಕಂದಕ. ಕಂದಕದ ಆಚೆಗೆ ಇವರ ಗುಡಿಸಲು. ಹುಡುಗ ಹಡಗು ಹತ್ತಿ ಇಲ್ಲಿಗೆ ಬಂದು, ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದು, ಕಡೆಗೆ ತಾನೇ ಇಟ್ಟಿಗೆ ಗೂಡು ಇಟ್ಟ. ಕೈಯಲ್ಲಿ ದುಡ್ಡಾದ ಮೇಲೆ ನ್ಯೂಜೆರ್ಸಿಯ ಆಲೂಗಡ್ಡೆ ಹೊಲದ ನಡುವೆ ಅದೇ ಬಂಗಲೆಯನ್ನು ಕಟ್ಟಿಸಿದ. ಸುಣ್ಣ ಬಳಿದ ಇಟ್ಟಿಗೆ, ಕೆಂಪು ಹೆಂಚು, ಎರಡು ಕೊನೆಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಗೋಡೆ, ಸುತ್ತ ಒಂದು ಕಂದಕ ಕೂಡ. ಕಂದಕ ಒಣಗಿ ಈಗ ಅದರ ತುಂಬ ಮೇಪಲ್ ಎಲೆ.

ವಿಷಯವೇನೆಂದರೆ, ಅವನು ಆ ಬಂಗಲೆಯನ್ನು ಹೊರಗಿನಿಂದ ಮಾತ್ರ ನೋಡಿದ್ದ. ಕುದುರೆಯಾಳಿನ ಮಗನನ್ನು ಒಳಗೆ ಯಾರು ಬಿಡುತ್ತಾರೆ? ಹಾಗಾಗಿ ಹೊರಗೆಲ್ಲ ನೆನಪು, ಒಳಗೆಲ್ಲ ಊಹೆ. ಎತ್ತರದ ಕಿಟಕಿಯೊಂದನ್ನು ಒಳಗಿನ ಮಹಡಿ ಅರ್ಧಕ್ಕೆ ಕತ್ತರಿಸುತ್ತಿತ್ತು. ಒಂದು ಮೆಟ್ಟಿಲು ಏರಿ ಹೋಗಿ ಗೋಡೆಗೆ ಮುಟ್ಟಿ ನಿಂತಿತ್ತು. ಮೇಲಿನ ಅಟ್ಟವನ್ನು ಮಾತ್ರ ಏನೂ ಮಾಡದೆ ಮನೆಯ ಉದ್ದಕ್ಕೂ ಹಾಗೇ ಬಿಟ್ಟಿದ್ದ. "ಅಲ್ಲಿಗೆ ಹತ್ತೋ ಹೊತ್ತಿಗೆ ಅಜ್ಜನ ಊಹೆ ಖಾಲಿ ಆಗಿತ್ತು, ಕಿಡ್ಡೋ" ಎಂದಳು ಕ್ಯಾರೆನ್. ನನ್ನನ್ನು ಅವಳು ಕರೆಯುತ್ತಿದ್ದುದೇ ಹಾಗೆ, ಮರಿ ಎನ್ನುವಂತೆ.

ಕ್ಯಾರೆನ್ ಎಪ್ಪತ್ತು ದಾಟಿದವಳು, ಮದುವೆಯಾಗಿರಲಿಲ್ಲ. ಊರಿನ ಸ್ಕೂಲ್ ಬಸ್ಸುಗಳು ಯಾವ ದಾರಿಯಲ್ಲಿ ಹೋಗಬೇಕೆಂದು ಗೊತ್ತುಮಾಡುವ ಕೆಲಸದಿಂದ ನಿವೃತ್ತಳಾಗಿದ್ದಳು. ಡ್ರೈವರುಗಳನ್ನು ಗದರಿಸಿದ ಗಂಟಲು ಹಾಗೇ ಉಳಿದಿತ್ತು. ಅವಳ ವಾಸ ಪೇಟೆಯ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಡೇನಿಶ್ ಮನೆ ಖಾಲಿ. ದಿನಾ ಬಂದು ಅಡುಗೆಮನೆಯ ಹೀಟರ್ ಹಾಕಿ, ಅಲ್ಲೇ ಸೇರಿಕೊಂಡಿದ್ದ ಬೆಕ್ಕಿಗೆ ತಿನ್ನಲು ಇಟ್ಟು ಹೋಗುತ್ತಿದ್ದಳು. ಮನೆಯಲ್ಲಿ ಅರ್ಧ ಪಾಲು ಅವಳ ತಮ್ಮನದು. ಅವನು ದೂರದ ಒಹಾಯೋದಲ್ಲಿದ್ದ. ಸುತ್ತಲಿನ ಹೊಲಗಳನ್ನೆಲ್ಲ ಕೊಂಡು ವೇರ್‌ಹೌಸ್ ಕಟ್ಟುತ್ತಿದ್ದ ಕಂಪನಿಯೊಂದಕ್ಕೆ ಮಾರಲು ಹೊರಟಿದ್ದ. ಅವರು ಕೊಂಡರೆ ಮನೆ ಕೆಡವುವುದು ಒಂದು ಬೆಳಗಿನ ಕೆಲಸ. ಊರಿನ ಕಮಿಟಿ ಅದನ್ನು ಉಳಿಸಿಕೊಳ್ಳಬೇಕಾದ ಹಳೆಯ ಕಟ್ಟಡವೆಂದು ಪಟ್ಟಿಗೆ ಸೇರಿಸಿದರೆ ಮಾತ್ರ ಕೆಡವುವಂತಿಲ್ಲ. ಮಾರ್ಚಿನಲ್ಲಿ ಸಭೆ. ಅಷ್ಟರಲ್ಲಿ ಇಡೀ ಮನೆಯ ಅಳತೆಯ ನಕ್ಷೆ ಕೊಡಬೇಕು. ಒಬ್ಬರೇ ಅಳೆದದ್ದನ್ನು ಕಮಿಟಿ ಒಪ್ಪುತ್ತಿರಲಿಲ್ಲ. ಪ್ರತಿ ಹಾಳೆಯ ಮೂಲೆಯಲ್ಲಿ ಟೇಪು ಹಿಡಿದ ಇಬ್ಬರ ಹೆಸರೂ ಇರಬೇಕು.

"ನಕಲು ಮನೆಯಂತೆ, ಇದರಲ್ಲಿ ಏನ್ ಹಿಸ್ಟರಿ ಅಂತ ಕೇಳ್ತಾರೆ," ಎಂದಿದ್ದಳು ಕ್ಯಾರೆನ್. "ಅಸಲು ಮನೆ ಸುಟ್ಟುಹೋಗಿ ಎಷ್ಟೋ ಕಾಲ ಆಯ್ತು. ನನ್ನ ಅಜ್ಜನಿಗೆ ಜ್ಞಾಪಕ ಇದ್ದಷ್ಟೇ ಈಗ ಉಳಿದಿರೋದು. ಇದನ್ನೂ ಕೆಡವಿದ್ರೆ?" ಅವಳು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಬೆಕ್ಕನ್ನು ಬೈಯಲು ಎದ್ದಳು.

ರವಿ ಬೆಳಿಗ್ಗೆ ಆಫೀಸಿಗೆ ಹೋಗುವಾಗ ನನ್ನನ್ನು ಅಲ್ಲಿ ಇಳಿಸಿ, ಸಂಜೆ ಬಂದು ಕರೆದೊಯ್ಯುತ್ತಿದ್ದ. "ಸಂಬಳ ಕೊಡೋವಾಗ ಒಂದಿನಾನೂ ಇಷ್ಟು ಬೇಗ ರೆಡಿ ಆಗಿದ್ದಿಲ್ಲ ಮಾರಾಯ್ತಿ" ಎಂದು ಕೆಣಕುತ್ತಿದ್ದ. ನಾನು ನಗುತ್ತೇನೇನೋ ಎಂದು ಕಾರಿನ ಕನ್ನಡಿಯಲ್ಲಿ ನೋಡುತ್ತಿದ್ದ.

ಇಲ್ಲಿ ಅಪ್ಪನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರು ಪಿಡಬ್ಲ್ಯೂಡಿಯಲ್ಲಿ ಓವರ್‌ಸಿಯರ್ ಆಗಿದ್ದರು. ಶ್ರೀರಂಗಪಟ್ಟಣದಲ್ಲಿ ಹಳೆಯ ಕಟ್ಟಡಗಳಿಗೇನು ಬರ? ರಜದ ದಿನಗಳಲ್ಲಿ ನನ್ನನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಮೊದಮೊದಲು ಟೇಪಿನ ತುದಿ ಹಿಡಿಯುವ ಕೆಲಸ ನನ್ನದು. ನನಗೆ ಅಂಕಿ ಓದಲು ಬಂದ ಮೇಲೆ ಅವರೇ ತುದಿ ಹಿಡಿದು, ಓದುವುದನ್ನು ನನಗೆ ಬಿಟ್ಟರು. ಅವರದೊಂದು ಕ್ರಮವಿತ್ತು. ಗೋಡೆಗೆ ತುದಿ ಇಟ್ಟ ಮೇಲೆ ಟೇಪನ್ನು ಎರಡು ಸಲ ಸಣ್ಣಗೆ ಎಳೆಯುವರು. ಇಟ್ಟಿದ್ದೇನೆ, ಓದು ಎಂದು ಅರ್ಥ. ನಾನು ಓದಿ ಕೂಗಿದರೆ ಮತ್ತೆ ಎರಡು ಸಲ. ಕೇಳಿಸಿತು ಎಂದು ಅರ್ಥ. ಅವರಿಗೆ ಕೂಗಾಡುವುದು ಆಗುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ನಾನು "ಬಿಡಪ್ಪಾ" ಎನ್ನಬೇಕು. ಆಗಲೂ ಅವರು ತುದಿಯನ್ನು ಹಾಗೇ ಬಿಡುತ್ತಿರಲಿಲ್ಲ. "ಬಿಟ್ಬುಟ್ರೆ ಹಾವು ಬಂದಂಗೆ ಬಂದು ಕೈ ಕುಯ್ತದೆ ಕಣವ್ವ" ಎನ್ನುತ್ತಾ, ನಾನು ಸುತ್ತಿಕೊಂಡ ಹಾಗೆಲ್ಲ ತುದಿ ಹಿಡಿದುಕೊಂಡೇ ನನ್ನ ಕಡೆಗೆ ನಡೆದು ಬರುವರು.

ಕ್ಯಾರೆನ್ ಹಾಗಲ್ಲ. ಅವಳು ತುದಿ ಹಿಡಿದರೆ ಮನೆಯೆಲ್ಲ ಕೇಳುವಂತೆ "ಗಾಟ್ ಇಟ್!" ಎಂದು ಕೂಗುತ್ತಿದ್ದಳು. ಮುಗಿಯಿತು ಎಂದೊಡನೆ ಕೈಬಿಡುತ್ತಿದ್ದಳು, ಟೇಪು ನೆಲಕ್ಕೆ ಬಡಿಯುತ್ತಾ ಬಂದು ನನ್ನ ಬೆರಳಿಗೆ ಕಚ್ಚುತ್ತಿತ್ತು. ಅಪ್ಪನ ಎರಡು ಎಳೆತದ ಕ್ರಮವನ್ನು ನಾನು ಅವಳಿಗೆ ಹೇಳಿಕೊಟ್ಟಿದ್ದೆನೇ? ಇದನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಇಲ್ಲ ಎಂದು ನನ್ನ ನಂಬಿಕೆ. ಅಪ್ಪನ ವಿಷಯವನ್ನೇ ನಾನು ಆ ತಿಂಗಳುಗಳಲ್ಲಿ ಯಾರ ಹತ್ತಿರವೂ ಎತ್ತುತ್ತಿರಲಿಲ್ಲ.

ಕ್ರಿಸ್‌ಮಸ್ಸಿಗೆ ಕೆಲವು ದಿನವಿರುವಾಗ ಅಟ್ಟವೊಂದು ಉಳಿದಿತ್ತು. ಆ ದಿನ ಬೆಳಿಗ್ಗೆಯಿಂದಲೇ ಹಿಮ. ಮಧ್ಯಾಹ್ನ ಅಡುಗೆಮನೆಯಲ್ಲಿ ಕಾಫಿ ಕುಡಿದು, ನಾನು ಟೇಪು ಮತ್ತು ಅಂಕಿ ಬರೆಯುವ ಹಲಗೆ ತೆಗೆದುಕೊಂಡು ಮುಂಬಾಗಿಲ ಕಡೆಯ ಮೆಟ್ಟಿಲಿನಿಂದ ಮೇಲೆ ಹೋದೆ. ಅಟ್ಟದ ನಟ್ಟನಡುವೆ ದೊಡ್ಡ ಚಿಮಣಿ. ಅದರ ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ದಾರಿ. ಒಂದು ಕೊನೆಯಲ್ಲಿ ನಿಂತರೆ ಇನ್ನೊಂದು ಕೊನೆ ಕಾಣದು. ಆ ಕಡೆಯಿಂದ ಇಳಿಯಲು ಅಡುಗೆಮನೆಗೆ ಹೋಗುವ ಹಿಂದಿನ ಮೆಟ್ಟಿಲು ಬೇರೆ ಇತ್ತು.

ಟೇಪಿನ ತುದಿ ಎಳೆದುಕೊಂಡು ಚಿಮಣಿ ದಾಟಿದೆ. ಅಲ್ಲಿ ನಿಂತೆ. ಆಚೆ ಕೊನೆಯ ಗೋಡೆಯ ಕಿಟಕಿಯ ಕೆಳಗೆ, ನೆಲದ ಮೇಲೆ ಒಂದು ಬಟ್ಟಲು. ಬಟ್ಟಲಿನಲ್ಲಿ ಹಾಲಿನಲ್ಲಿ ಬೇಯಿಸಿದ ಅನ್ನ, ನಡುವೆ ಬೆಣ್ಣೆ, ಪಕ್ಕದಲ್ಲಿ ಮರದ ಚಮಚ. ಕಿಟಕಿಯ ಹಿಮದ ಬೆಳಕು ಅದರ ಮೇಲೆ ಬಿದ್ದಿತ್ತು.

ನೋಡಿದೊಡನೆ, ಇದು ಎಡೆ ಎಂದುಕೊಂಡೆ. ಬೇರೆ ಯೋಚನೆಯೇ ಬರಲಿಲ್ಲ. ನಮ್ಮ ಕಡೆ ಹಿರಿಯರಿಗೆ ಎಡೆ ಇಟ್ಟರೆ, ಇಟ್ಟವರು ಬಾಗಿಲು ಮುಚ್ಚಿಕೊಂಡು ಹೊರಗೆ ಬಂದು ಸ್ವಲ್ಪ ಹೊತ್ತು ಕೂರುತ್ತಾರೆ. ಅವರು ಬಂದು ಉಣ್ಣುವಾಗ ನಾವು ನೋಡಬಾರದು. ಮತ್ತೆ ಒಳಗೆ ಹೋಗುವಾಗ ಕೆಮ್ಮಿ, ಸದ್ದು ಮಾಡಿ ಹೋಗಬೇಕು. ಚಿಕ್ಕವಳಿದ್ದಾಗ ನಾನು ಬಾಗಿಲ ಸಂದಿಯಲ್ಲಿ ಇಣುಕಲು ಹೋಗಿ ಅಜ್ಜಿಯಿಂದ ಏಟು ತಿಂದಿದ್ದೆ. ಕ್ಯಾರೆನ್ ತನ್ನ ಹಿರಿಯರಿಗೆ ಇಟ್ಟಿದ್ದಾಳೆ, ಡೇನರಲ್ಲೂ ಇದೆ ಎಂದಾಯಿತು ಎಂದುಕೊಂಡು ಹಿಂದೆ ಸರಿದೆ. ಬೂಟು ಕಳಚಿದೆ. ಟೇಪಿನ ತುದಿಯ ಬಳೆಯನ್ನು ಚಿಮಣಿಯ ಆಚೆಗೆ ನೆಲದ ಮೇಲೆ ಇಟ್ಟು, ಹಿಂದಿನ ಮೆಟ್ಟಿಲ ಕಡೆಗೆ ಮುಖ ಮಾಡಿ, "ಕ್ಯಾರೆನ್, ಈ ಕಡೆಯಿಂದ ಬಂದು ತುದಿ ಹಿಡ್ಕೊಳ್ತೀರಾ?" ಎಂದು ಕೂಗಿದೆ. ಅವಳ ಎಡೆ, ಅವಳು ಹೋಗಬಹುದು. ನಾನು ಹೋಗುವುದು ಸರಿಯಲ್ಲ ಎಂಬುದು ನನ್ನ ಲೆಕ್ಕ. ಕೆಳಗೆ ಕುರ್ಚಿ ಸರಿದ ಸದ್ದಾಯಿತು. ಕುರ್ಚಿಯೇ ಎಂದು ಆಣೆ ಮಾಡಿ ಹೇಳಲಾರೆ. ಏನೋ ಸರಿಯಿತು.

ನಾನು ಈಚೆ ಕೊನೆಗೆ ಬಂದು, ಗೋಡೆಗೆ ಮುಖ ಮಾಡಿ ಮಂಡಿಯೂರಿ ಕೂತೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಟೇಪಿನ ಗಾಲಿ ತಿರುಗಿತು. ಪಟ್ಟಿ ಸರಸರ ಹೋಗದೆ ಹದವಾಗಿ ಹೋಯಿತು. ನಿಂತಿತು. ಬಿಗಿಯಾಯಿತು. ಆಮೇಲೆ ಎರಡು ಸಲ ಸಣ್ಣಗೆ ಎಳೆಯಿತು.

ಓದಿದೆ. ಅಂಕಿಯನ್ನು ಕೂಗಿದೆ. ಮತ್ತೆ ಎರಡು ಸಲ ಎಳೆಯಿತು.

ಇಲ್ಲಿ ನನಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಆ ಕಾಲದಲ್ಲಿ ನನಗೆ ಯಾವುದೂ ಆಶ್ಚರ್ಯವಾಗುತ್ತಿರಲಿಲ್ಲ. ಕ್ಯಾರೆನ್ ಇವತ್ತು ಕೂಗುತ್ತಿಲ್ಲ, ಗಂಟಲು ಕೆಟ್ಟಿರಬೇಕು ಎಂಬಂಥ ಏನೋ ಒಂದು ಮನಸ್ಸಿನಲ್ಲಿ ಹಾದುಹೋಗಿರಬಹುದು. ಗೋಡೆಯಿಂದ ಗೋಡೆಗೆ ಮುಗಿಸಿ, ಒಂದೊಂದು ತೊಲೆಗೂ ಅಳತೆ ತೆಗೆದೆ. ನಾನು "ಮುಂದಿನದು" ಎನ್ನುವುದು, ಆ ಕಡೆ ತುದಿ ಸರಿಯುವುದು, ಎರಡು ಎಳೆತ, ಅಂಕಿ, ಎರಡು ಎಳೆತ. ಕೆಲಸ ಚೆನ್ನಾಗಿ ಸಾಗುತ್ತಿತ್ತು. ಅಷ್ಟು ಸಲೀಸಾಗಿ ಬಹಳ ವರ್ಷಗಳಿಂದ ಯಾರ ಜೊತೆಗೂ ಅಳೆದಿರಲಿಲ್ಲ. ಅಟ್ಟದಲ್ಲಿ ಹೀಟರ್ ಇರಲಿಲ್ಲ, ಉಸಿರು ಹೊಗೆಯಾಗಿ ಕಾಣುತ್ತಿತ್ತು. ಆದರೆ ಚಳಿಯಾದ ನೆನಪಿಲ್ಲ.

ಕಡೆಯ ತೊಲೆ ಬರೆದುಕೊಂಡು, ಹಲಗೆ ಕೆಳಗಿಟ್ಟು, "ಬಿಡಪ್ಪಾ" ಎಂದೆ.

ಬಾಯಿಗೆ ಅದೇ ಬಂತು. ಕನ್ನಡದಲ್ಲಿ ಅಂದೆನೆಂದು ಅಂದ ಮೇಲೆ ಗೊತ್ತಾಯಿತು. ಛೆ, ಕ್ಯಾರೆನ್‌ಗೆ ಏನು ತಿಳಿಯಬೇಕು, ಇಂಗ್ಲಿಷಿನಲ್ಲಿ ಹೇಳೋಣ ಎಂದು ತಿರುಗುವಷ್ಟರಲ್ಲಿ ಟೇಪು ಸಡಿಲವಾಯಿತು. ನಾನು ಸುತ್ತತೊಡಗಿದೆ. ಅದು ಬಡಿಯಲಿಲ್ಲ, ಹಾರಲಿಲ್ಲ. ನಾನು ಸುತ್ತಿದಷ್ಟೇ ಬಂತು, ಒಬ್ಬರು ಹಿಡಿದುಕೊಂಡು ನಡೆದು ಬರುವ ವೇಗದಲ್ಲಿ. ಚಿಮಣಿಯವರೆಗೂ ಹಾಗೇ ಬಂತು. ಚಿಮಣಿಯ ಪಕ್ಕದ ದಾರಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಬಳೆ ನೆಲಕ್ಕೆ ಮುಟ್ಟಿದ ಸಣ್ಣ ಸದ್ದು.

ನಾನು ಎದ್ದು ಹೋಗಿ ನೋಡಲಿಲ್ಲ. ಏಕೆಂದು ನೀವು ಕೇಳಬಹುದು. ಎಡೆಯ ಹತ್ತಿರ ಹೋಗಬಾರದೆಂದು ಹೋಗಲಿಲ್ಲ ಎಂದು ಈವರೆಗೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಉಳಿದ ಟೇಪನ್ನು ಸುತ್ತಿಕೊಂಡು, ಬೂಟು ಕೈಯಲ್ಲಿ ಹಿಡಿದು, ಬಂದ ಮೆಟ್ಟಿಲಿನಿಂದಲೇ ಇಳಿದೆ. ಇಳಿಯುವ ಮೊದಲು ಕೆಮ್ಮಿದೆ. ಅದೊಂದು ಚೆನ್ನಾಗಿ ನೆನಪಿದೆ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬೆಕ್ಕು ಹೀಟರಿನ ಮುಂದೆ ಮಲಗಿತ್ತು. ಸ್ವಲ್ಪದರಲ್ಲೇ ಹೊರಗೆ ಕಾರು ನಿಂತಿತು. ಕ್ಯಾರೆನ್ ಕೋಟಿನ ಹಿಮ ಕೊಡವುತ್ತಾ ಒಳಗೆ ಬಂದಳು.

"ಏನ್ ರಸ್ತೆನೋ, ದೇವರೇ! ಹಿಮ ಪ್ಲೌ ಮಾಡೋರು ನಿದ್ದೆ ಮಾಡ್ತಿದಾರೆ. ಒಂದು ಡಬ್ಬ ಕ್ರೀಮಿಗೆ ಇಷ್ಟು ಹೊತ್ತು."

"ನೀವು ಹೊರಗೆ ಹೋಗಿದ್ರಾ?"

"ಹೇಳೇ ಹೋದೆನಲ್ಲ. ಕಾಫಿ ಆದ ಮೇಲೆ, ನೀನು ಮೆಟ್ಟಿಲು ಹತ್ತುತ್ತಾ ಇದ್ದೆ. 'ಓಕೆ' ಅಂದೆ ನೀನು."

ನಾನು ಓಕೆ ಎಂದಿರಬಹುದು. ಆಗ ಎಲ್ಲದಕ್ಕೂ ಓಕೆ ಎನ್ನುತ್ತಿದ್ದೆ. "ಅಟ್ಟದಲ್ಲಿ ಯಾರೋ ತುದಿ ಹಿಡಿದರು" ಎಂದೆ.

ಕ್ಯಾರೆನ್ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಬೂಟು ನೋಡಿದಳು. "ನನ್ನ ಮಂಡಿಗೆ ಆ ಮೆಟ್ಟಿಲು ಆಗಲ್ಲ ಕಿಡ್ಡೋ. ಬೆಳಿಗ್ಗೆ ಗಂಜಿ ಇಡೋಕೆ ಹತ್ತಿದ್ದೇ ಹೆಚ್ಚು" ಎಂದಳು.

ಆ ಬಟ್ಟಲು ಯಾರಿಗೆ ಎಂದು ಕೇಳಿದೆ. ಸತ್ತವರಿಗಲ್ಲವಂತೆ. ಅವರಲ್ಲಿ ಮನೆಗೊಬ್ಬ ನಿಸ್ಸೆ ಇರುತ್ತಾನಂತೆ, ಕೆಂಪು ಟೋಪಿಯ ಗಿಡ್ಡ ಮುದುಕ. ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ವಾಸ. ಕ್ರಿಸ್‌ಮಸ್ಸಿಗೆ ಅವನಿಗೆ ಬೆಣ್ಣೆ ಹಾಕಿ ಗಂಜಿ ಇಡಬೇಕು, ಮರೆತರೆ ದನಗಳ ಬಾಲಕ್ಕೆ ಗಂಟು ಹಾಕುತ್ತಾನೆ. "ಹಬ್ಬದ ದಿನ ಹಿಮ ಬಿದ್ದು ಬರೋಕಾಗದೆ ಹೋದ್ರೆ ಅಂತ ಮೊದಲೇ ಇಟ್ಟೆ. ಅವನೇ ಹಿಡಿದಿರ್ತಾನೆ ನಿನ್ನ ಟೇಪು. ಮನೆ ಉಳಿಸೋದರಲ್ಲಿ ಅವನಿಗೂ ಆಸೆ ಇರಲ್ವಾ, ಬಾಡಿಗೆ ಕೊಡದೆ ಇದಾನೆ!" ಎಂದು ನಕ್ಕಳು. ನಗುತ್ತಲೇ ನನ್ನ ಕೈ ಹಿಡಿದಳು. ಅವಳಿಗೆ ಅಪ್ಪನ ವಿಷಯ ಆಗ ಹೇಳಿದೆ, ಮೊದಲ ಸಲ. ತೀರಿಕೊಂಡದ್ದು, ನಾನು ಹೋಗದಿದ್ದದ್ದು, ಎರಡು ಎಳೆತದ್ದು. ಅವಳು ನಗು ನಿಲ್ಲಿಸಿ ಕಾಫಿಗೆ ಕ್ರೀಮ್ ಹಾಕಿದಳು.

ಸಂಜೆ ಕಾರಿನಲ್ಲಿ ರವಿಗೆ ಹೇಳಿದೆ. ಅವನು ವೈಪರಿನ ವೇಗ ಹೆಚ್ಚಿಸಿದ. ಆಮೇಲೆ, "ಟೇಪಿನ ಬಳೆ ಎಲ್ಲಾದ್ರೂ ಮೊಳೆಗೆ ಸಿಕ್ಕಿಕೊಂಡಿರುತ್ತೆ ಕಣೇ. ಹಳೇ ಮನೆ, ಗಾಳಿ, ಮರ ಅಲ್ಲಾಡುತ್ತೆ" ಎಂದ.

"ನೆಲದಲ್ಲಿದ್ದ ಬಳೆ ಗೋಡೆವರೆಗೂ ಹೇಗೆ ಹೋಯ್ತು?"

"ನೀನೇ ಇಟ್ಟು ಬಂದಿರ್ತೀಯ. ಮರೆತಿರ್ತೀಯ. ಈಗೀಗ ನೀನು ಉಪ್ಪು ಹಾಕಿದ್ದನ್ನೇ ಮರೆತು ಎರಡು ಸಲ ಹಾಕ್ತೀಯ." ಕಾರನ್ನು ನಮ್ಮ ರಸ್ತೆಗೆ ತಿರುಗಿಸುತ್ತಾ, "ಅಪ್ಪ ಬಂದಿದ್ರು ಅಂತ ನಿಂಗನ್ಸಿದ್ರೆ ಹಾಗೇ ಇಟ್ಕೋ. ನಾನೇನೂ ಬೇಡ ಅನ್ನಲ್ಲ" ಎಂದ.

ಅಪ್ಪ ಬಂದಿದ್ದರು ಎಂದು ನಾನು ಹೇಳಿರಲಿಲ್ಲ. ಇವತ್ತೂ ಹೇಳುವುದಿಲ್ಲ. ಉಪ್ಪಿನ ಮಾತು ನಿಜ. ಆದರೆ ಮೊಳೆ ಒಂದು ತೊಲೆಯಿಂದ ಇನ್ನೊಂದು ತೊಲೆಗೆ ಸರಿಯುವುದಿಲ್ಲ.

ಕಷ್ಟ ಬಂದದ್ದು ನಕ್ಷೆ ಬರೆಯುವಾಗ. ಯಾರೂ ಹಿಡಿದಿರಲಿಲ್ಲ ಎಂದರೆ ಅಟ್ಟದ ಅಂಕಿಗಳೆಲ್ಲ ಕಸ, ಇನ್ನೊಮ್ಮೆ ಅಳೆಯಬೇಕು. ಅಂಕಿಗಳು ಸರಿ ಎಂದರೆ ಯಾರೋ ಹಿಡಿದಿದ್ದರು. ಇನ್ನೊಮ್ಮೆ ಅಳೆಯೋಣ, ರವಿಯೇ ಬಂದು ಹಿಡಿಯುತ್ತಾನೆ ಎಂದು ಗೊತ್ತುಮಾಡಿದೆವು. ಒಂದು ಭಾನುವಾರ ಅವನಿಗೆ ಜ್ವರ, ಇನ್ನೊಂದು ಭಾನುವಾರ ರಸ್ತೆ ಮುಚ್ಚಿತ್ತು. ಫೆಬ್ರವರಿಯಲ್ಲಿ ಬಿದ್ದ ದೊಡ್ಡ ಹಿಮದ ಭಾರಕ್ಕೆ ಅಟ್ಟದ ಆಚೆ ಕೊನೆಯ ಹೆಂಚಿನ ಮಾಡು ಕುಸಿಯಿತು. ಊರಿನ ಇನ್‌ಸ್ಪೆಕ್ಟರ್ ಬಂದು ಎರಡೂ ಮೆಟ್ಟಿಲಿಗೆ ಹಳದಿ ಪಟ್ಟಿ ಕಟ್ಟಿದ. ಯಾರೂ ಹತ್ತುವಂತಿಲ್ಲ. ಕುಸಿಯುವ ಮೊದಲು ಅಟ್ಟ ಹೇಗಿತ್ತು ಎನ್ನುವುದಕ್ಕೆ ನನ್ನ ಅಳತೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಉಳಿದ ಹಾಳೆಗಳ ಮೂಲೆಯಲ್ಲೆಲ್ಲ ಕ್ಯಾರೆನ್ ಹೆಸರು, ನನ್ನ ಹೆಸರು. ಅಟ್ಟದ ಹಾಳೆಯಲ್ಲಿ ನನ್ನ ಹೆಸರು ಬರೆದು ಪೆನ್ನು ಹಿಡಿದು ಕೂತೆ. "ನನ್ನ ಹೆಸರು ಹಾಕ್ಬೇಡ" ಎಂದಳು ಕ್ಯಾರೆನ್. "ಮನೆಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ, ಸುಳ್ಳು ಹೇಳಿ ಉಳಿಸಿಕೊಂಡೆ ಅಂತ ಆಗೋದು ಬೇಡ. ಯಾರು ಹಿಡಿದರೋ ಅವರ ಹೆಸರು ಹಾಕು." ಯಾರ ಹೆಸರನ್ನೂ ಹಾಕದೆ ಖಾಲಿ ಬಿಟ್ಟೆ. ಯಾರೂ ಗಮನಿಸುವುದಿಲ್ಲ ಎಂದುಕೊಂಡಿದ್ದೆ.

ಗಮನಿಸಿದರು. ಮಾರ್ಚಿನ ಸಭೆಯಲ್ಲಿ ಕ್ಯಾರೆನ್‌ಳ ತಮ್ಮನ ವಕೀಲ ಹಾಳೆಗಳನ್ನು ಒಂದೊಂದಾಗಿ ತಿರುವಿ, ಅಟ್ಟದ್ದನ್ನು ಎತ್ತಿ ಹಿಡಿದ. ಇದರಲ್ಲಿ ಒಂದೇ ಹೆಸರಿದೆ, ಕಮಿಟಿಯ ನಿಯಮದಂತೆ ಇದು ಲೆಕ್ಕಕ್ಕಿಲ್ಲ, ಮಾಡು ಕುಸಿದಿರುವುದರಿಂದ ಮತ್ತೆ ಅಳೆಯುವಂತೆಯೂ ಇಲ್ಲ, ಅಪೂರ್ಣವಾದ ಅರ್ಜಿಯನ್ನು ಕೈ ಬಿಡಬೇಕು ಎಂದ. ಅಧ್ಯಕ್ಷೆ ಕನ್ನಡಕದ ಮೇಲಿಂದ ನಮ್ಮ ಕಡೆ ನೋಡಿದರು. ಕ್ಯಾರೆನ್ ಮಡಿಲಿನಲ್ಲಿದ್ದ ತನ್ನ ಕೈಗಳನ್ನು ನೋಡುತ್ತಿದ್ದಳು. 

"ಇನ್ನೊಂದು ತುದಿ ಯಾರು ಹಿಡಿದಿದ್ದರು?" ಎಂದು ಅಧ್ಯಕ್ಷೆ ಕೇಳಿದರು.

ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಯೋಚಿಸಿಕೊಂಡು ಎದ್ದವಳಲ್ಲ.

"ಪುಟ್ಟಸ್ವಾಮಿ" ಎಂದೆ.

ನಮ್ಮಲ್ಲಿ ಅಪ್ಪನನ್ನು ಹೆಸರು ಹಿಡಿದು ಹೇಳುವುದಿಲ್ಲ. ಅವರು ಹೋದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಸ್ಪೆಲ್ಲಿಂಗ್ ಹೇಳ್ತೀರಾ?"

ಒಂದೊಂದೇ ಅಕ್ಷರ ಹೇಳಿದೆ. ಪಿ, ಯು, ಟಿ. "ಡಬಲ್ ಟಿ?" ಎಂದು ತಡೆದರು. "ಹೌದು, ಡಬಲ್ ಟಿ" ಎಂದೆ. ಕಡೆಯ ವೈ ತನಕ ಅವರು ನಿಧಾನವಾಗಿ ಬರೆದುಕೊಂಡರು.

"ಅವರಿಗೆ ಈ ಕೆಲಸದಲ್ಲಿ ಅನುಭವ ಇದೆಯಾ?" ವಕೀಲ ಕೇಳಿದ.

"ಕೆಲಸಕ್ಕೆ ಸೇರಿದಾಗಿನಿಂದ ರಿಟೈರ್ ಆಗೋವರೆಗೂ ಇದೇ ಮಾಡಿದ್ದು. ಸರ್ಕಾರಿ ಇಲಾಖೆಯಲ್ಲಿ."

"ಇವತ್ತು ಬಂದಿದ್ದಾರಾ?"

"ಇಲ್ಲ. ಬರೋಕಾಗಲಿಲ್ಲ" ಎಂದೆ. ಅಣ್ಣನಿಗೆ ಫೋನಿನಲ್ಲಿ ನಾನು ಹೇಳಬೇಕಾಗಿದ್ದ ಮಾತು ಅದು. ಆಗ ಬರೀ ಹೂಂ ಎಂದಿದ್ದೆ.

ಅಧ್ಯಕ್ಷೆ ಆ ಹೆಸರನ್ನು ತಮ್ಮ ಕೈಯಿಂದಲೇ ಹಾಳೆಯ ಮೂಲೆಗೆ ಸೇರಿಸಿ, ನನ್ನಿಂದ ಪಕ್ಕದಲ್ಲಿ ಸಹಿ ಹಾಕಿಸಿಕೊಂಡರು. ಆಮೇಲೆ ಮತಕ್ಕಾಗಿ ಸದಸ್ಯರ ಕೈ ಎತ್ತಿಸಿದರು. ಮನೆ ಉಳಿಯಿತು. ಕ್ಯಾರೆನ್ ನನ್ನನ್ನು ಅಪ್ಪಿಕೊಂಡು ಅತ್ತಳು. ನನಗೆ ಆಗಲೂ ಅಳು ಬರಲಿಲ್ಲ. ಜೋಮು ಹಿಡಿದ ಕೈಗೆ ರಕ್ತ ಓಡತೊಡಗಿದಾಗ ಮೊದಲು ಮುಳ್ಳಾಡಿಸಿದ ಹಾಗೆ ಆಗುತ್ತದಲ್ಲ, ಅಷ್ಟಾಯಿತು.

ಆ ದಿನ ನಾನು ಸತ್ಯ ಹೇಳಿದೆನೋ ಸುಳ್ಳು ಹೇಳಿದೆನೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಒಂದು ಅವಕಾಶ ಮಾತ್ರ ಬಂತು. ಮರುವರ್ಷ ಮಾಡು ರಿಪೇರಿ ಮಾಡುವಾಗ, ನನ್ನ ಹಾಳೆ ನೋಡಿಕೊಂಡೇ ಹೊಸ ತೊಲೆಗಳನ್ನು ಬೇರೆ ಕಡೆ ಕೊಯ್ಯಿಸಿ ತಂದರು. ಏರಿಸುವ ದಿನ ನಾನು ಕೆಳಗೆ ಒಣ ಕಂದಕದಲ್ಲಿ, ಎಲೆಗಳ ಮೇಲೆ ನಿಂತು ನೋಡಿದೆ. ಒಂದು ಗಿಡ್ಡವಾದರೂ, ಒಂದು ಉದ್ದವಾದರೂ ಸಾಕಿತ್ತು. ರವಿಯ ಮೊಳೆಯನ್ನು ಒಪ್ಪಿಕೊಂಡು ನಾನು ಮನೆಗೆ ಹೋಗುತ್ತಿದ್ದೆ. ಒಂದೊಂದಾಗಿ ಎಲ್ಲವೂ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಕೆಲಸದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಳತೆ ಸರಿಯಿದ್ದರೆ ಮರ ಕೂರಲೇಬೇಕಲ್ಲ.

ಹಾಳೆ ಈಗಲೂ ಆ ಊರಿನ ಕಚೇರಿಯಲ್ಲಿದೆ. ಅಮೆರಿಕದ ನೆಲ ಒಮ್ಮೆಯೂ ಮೆಟ್ಟದ ಅಪ್ಪನ ಹೆಸರು ನನ್ನ ಹೆಸರಿನ ಪಕ್ಕದಲ್ಲಿದೆ. ನನಗೆ ಮತ್ತೆ ಕೆಲಸ ಸಿಕ್ಕಿತು. ಈಗ ಅಳೆಯಲು ಲೇಸರ್ ಬಂದಿದೆ, ಆಚೆ ತುದಿಗೆ ಯಾರೂ ಬೇಕಾಗಿಲ್ಲ. ಆದರೂ ಹಳೆಯ ಟೇಪು ಇಟ್ಟುಕೊಂಡಿದ್ದೇನೆ, ಒಮ್ಮೊಮ್ಮೆ ಬಳಸುತ್ತೇನೆ. ಜೊತೆಗೆ ಬರುವ ಹೊಸಬರು ಅಳತೆ ಮುಗಿದೊಡನೆ ತುದಿಯನ್ನು ಬಿಟ್ಟುಬಿಡುತ್ತಾರೆ. ಬಿಟ್ಟಿದ್ದಾರೆಂದು ಗೊತ್ತಿದ್ದರೂ ನಾನು ಸರಸರ ಸುತ್ತಲಾರೆ. ಒಬ್ಬರು ನಡೆದು ಬರುವಷ್ಟು ಹೊತ್ತು ಕೊಟ್ಟೇ ಸುತ್ತುತ್ತೇನೆ.